ಹಿಮದಡಿಯ ಬಿಸುಪು

ಫ್ರಿಟ್ಯೋಫ್ ನಾನ್ಸೆನ್ ಕೆಲವರಿಗೆ ಉತ್ತರಧ್ರುವದತ್ತ ನಡೆದ ಸಾಹಸಿ; ಕೆಲವರಿಗೆ 1922ರ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಮಹಾಶಯ. ಕನ್ನಡ ಅಧ್ಯಾಪಕನಾದ ನನ್ನನ್ನು ಸೆಳೆದವನು ಇವರಿಬ್ಬರ ನಡುವಿನ ಮತ್ತೊಬ್ಬ ನಾನ್ಸೆನ್: ಕಡಲ ನೀರನ್ನು ಮೇಲೆತ್ತಿ ಅದರ ಉಷ್ಣತೆಯನ್ನೂ ಲವಣವನ್ನೂ ಅಳೆಯುತ್ತ ಕುಳಿತವನು.

ಆತ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಇಂದು ಆಸ್ಲೋ ಎನಿಸಿರುವ ಕ್ರಿಸ್ತಿಯಾನಿಯಾ ನಗರದ ಬಳಿ. ಓದಿದ್ದು ಪ್ರಾಣಿಶಾಸ್ತ್ರ. 1888ರಲ್ಲಿ ಗ್ರೀನ್‌ಲೆಂಡಿನ ಹಿಮದ ಹಾಸನ್ನು ದಾಟಿದನು. ಸೈಬೀರಿಯದ ಬಡಗಣ ಕಡಲಿನಲ್ಲಿ 1881ರಲ್ಲಿ ಮುಳುಗಿದ ಜೀನೆಟ್ ನೌಕೆಯ ಅವಶೇಷಗಳು ಮೂರು ವರ್ಷಗಳ ತರುವಾಯ ಗ್ರೀನ್‌ಲೆಂಡಿನ ತೀರದಲ್ಲಿ ದೊರೆತಿದ್ದವು. ಹಿಮವೇ ಅವುಗಳನ್ನು ಹೊತ್ತು ತಂದಿರಬೇಕು. ಹಾಗಾದರೆ ನೌಕೆಯೊಂದನ್ನೂ ಹೊರಲಾರದೇಕೆ? ಅನುಭವಿಗಳು ಹಲವರು ಒಪ್ಪಲಿಲ್ಲ. ಆದರೂ 1893ರ ಜೂನಿನಲ್ಲಿ ಫ್ರಾಮ್ ಹೊರಟಿತು. ಸೆಪ್ಟೆಂಬರಿನಲ್ಲಿ ಹಿಮದ ಸೆರೆಯಾಯಿತು. ಅದು ಬಿಡುಗಡೆ ಹೊಂದಿದ್ದು 1896ರ ಆಗಸ್ಟಿನಲ್ಲಿ.

ಧ್ರುವದ ಕಡಲು ಆಳವಿಲ್ಲದ್ದೆಂದು ನಾನ್ಸೆನ್ ನಂಬಿದ್ದನು. ಒಯ್ದ ಹಗ್ಗ ತಳ ಮುಟ್ಟಲಿಲ್ಲ. ನೌಕೆಯ ಉಕ್ಕಿನ ಹಗ್ಗವನ್ನು ಬಿಚ್ಚಿ, ಎಳೆಗಳನ್ನು ಹೊಸೆದು ಇಳಿಬಿಟ್ಟಾಗ ಆಳ 3,000 ಮೀಟರನ್ನೂ ಮೀರಿತು. ಅದಕ್ಕಿಂತ ಹೆಚ್ಚಿನ ಬೆರಗನ್ನು ತಂದದ್ದು ಉಷ್ಣಮಾಪಕ. ಉಷ್ಣವಲಯದ ಕಡಲುಗಳಲ್ಲಿ ಬೆಚ್ಚನೆಯ ನೀರು ಮೇಲೆ, ತಣ್ಣನೆಯದು ಕೆಳಗೆ. ಇಲ್ಲಿಯಾದರೋ ಸುಮಾರು 200 ಮೀಟರುಗಳವರೆಗೆ ಹೆಪ್ಪುಗಟ್ಟುವ ಅಂಚಿನ ತಣ್ಣೀರು. ಅದರಡಿ ಶೂನ್ಯಕ್ಕಿಂತ ಬೆಚ್ಚಗಿನ ದಪ್ಪ ಪದರ. ಅದಕ್ಕೂ ಕೆಳಗೆ ಮತ್ತೆ ತಣ್ಣೀರು. ಸೈಬೀರಿಯದ ನದಿಗಳ ಸಿಹಿನೀರು ಬೆರೆತು ಮೇಲ್ಪದರ ಹಗುರವಾಗಿತ್ತು. ಅಟ್ಲಾಂಟಿಕದಿಂದ ಬಂದ ನೀರು ಬೆಚ್ಚಗಿದ್ದರೂ ಉಪ್ಪಿನ ಭಾರದಿಂದ ಕೆಳಗಿಳಿದಿತ್ತು. ಅಂಥ ಶೈತ್ಯದಲ್ಲಿ ನೀರಿನ ತೂಕವನ್ನು ನಿರ್ಣಯಿಸುವುದು ಉಷ್ಣತೆಗಿಂತ ಹೆಚ್ಚಾಗಿ ಲವಣವೇ. ಆ ಮೇಲ್ಪದರ ನಡುವೆ ಇಲ್ಲದಿದ್ದರೆ ಕೆಳಗಿನ ಬಿಸುಪು ಹಿಮವನ್ನು ಕರಗಿಸುತ್ತಿತ್ತು.

ಈ ಕೀರ್ತಿಯ ಬೆನ್ನಲ್ಲೇ ಒಂದು ತಪ್ಪೂ ಇತ್ತು. ಫ್ರಾಮಿನಲ್ಲಿ ಆಳದ ನೀರಿಗೆ ದೊರೆತ ಲವಣಾಂಶ ವಾಸ್ತವಕ್ಕಿಂತ ಅಧಿಕವಾಗಿತ್ತು. ಅಮುಂಡ್ಸೆನ್ 1901ರಲ್ಲಿ ಮಾಡಿದ ಅಳತೆಗಳನ್ನು ಪರಿಶೀಲಿಸಿ, 1906ರ ಗ್ರಂಥದಲ್ಲಿ ನಾನ್ಸೆನ್ ತನ್ನ ಅಂಕಿಗಳನ್ನು ತಾನೇ ತಿದ್ದಿದನು. ಆತನ ಹೆಸರಿನ ನೀರ್ಸೀಸೆ ದಶಕಗಳ ಕಾಲ ಲೋಕದ ಕಡಲುಗಳನ್ನೆಲ್ಲ ಅಳೆಯಿತು.

1920ರಿಂದ ಆತನ ಗಮನ ಮನುಷ್ಯರ ಕಡೆಗೆ ಹೊರಳಿತು. ರಾಷ್ಟ್ರಸಂಘದ ಪರವಾಗಿ ನಾಲ್ಕು ಲಕ್ಷಕ್ಕೂ ಮಿಕ್ಕಿದ ಯುದ್ಧಕೈದಿಗಳನ್ನು ತಾಯ್ನಾಡಿಗೆ ಮುಟ್ಟಿಸಿದನು. ನಾಡಿಲ್ಲದವರಿಗೆ ನಾನ್ಸೆನ್ ರಹದಾರಿಯನ್ನು ಕೊಡಿಸಿದನು. 1930ರ ಮೇ 13ರಂದು ತೀರಿಕೊಂಡನು. ಆ ಬೆಚ್ಚನೆಯ ಪದರ ಧ್ರುವಸಮುದ್ರದ ಮೂಡಣ ಭಾಗದಲ್ಲಿ ಮೇಲೇರಿ ಹಿಮವನ್ನು ತೆಳುವಾಗಿಸುತ್ತಿದೆಯೆಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಹಿಂದೊಮ್ಮೆ ತರಗತಿಯಲ್ಲಿ ಹಳಗನ್ನಡ ಪದ್ಯವೊಂದಕ್ಕೆ ನಾನು ತಪ್ಪರ್ಥವನ್ನು ಹೇಳಿದ್ದೆ. ಮನೆಗೆ ಬಂದು ನಿಘಂಟನ್ನು ನೋಡಿ ತಿಳಿದ ಮೇಲೂ ಮರುದಿನ ಒಪ್ಪಿಕೊಳ್ಳಲು ನಾಚಿದೆ. ಆ ವರ್ಷದ ವಿದ್ಯಾರ್ಥಿಗಳು ಆ ಅರ್ಥವನ್ನೇ ಹೊತ್ತು ಹೋದರು. ನಾನ್ಸೆನ್ನನ ಜೀವನವನ್ನು ಓದುವಾಗಲೆಲ್ಲ ಧ್ರುವದ ಹಿಮಕ್ಕಿಂತ ಮೊದಲು ನನಗೆ ನೆನಪಾಗುವುದು ಆ ಮರುದಿನ.