ಫ್ರಾಂಕ್ಲಿನ್ನನ ಪುಟ್ಟ ಪುಸ್ತಕ

ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಮಿಂಚೂ ವಿದ್ಯುತ್ತೂ ಒಂದೇ ಎಂದು ತೋರಿಸಲು ಗಾಳಿಪಟ ಹಾರಿಸಿದವನು, ಅಮೆರಿಕೆಯ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು, ಫ್ರಾನ್ಸಿನ ಆಸ್ಥಾನದಲ್ಲಿ ತನ್ನ ನಾಡಿನ ಪ್ರತಿನಿಧಿಯಾಗಿದ್ದವನು ಎಂದು ಪಠ್ಯಪುಸ್ತಕಗಳು ಆತನನ್ನು ಪರಿಚಯಿಸುತ್ತವೆ. ಆ ದೊಡ್ಡ ಕಾರ್ಯಗಳನ್ನು ಇಲ್ಲಿ ಬದಿಗಿಟ್ಟಿದ್ದೇನೆ. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟ ಹುಡುಗನೊಬ್ಬನು ಓದಲು ಪುಸ್ತಕವನ್ನೂ ಹೊತ್ತನ್ನೂ ಎಲ್ಲಿಂದ ಸಂಪಾದಿಸಿದನು, ತನ್ನ ದಿನಗಳನ್ನು ಹೇಗೆ ಗೆರೆ ಎಳೆದು ಹಂಚಿಕೊಂಡನು, ಆ ಹಂಚಿಕೆ ಎಷ್ಟರಮಟ್ಟಿಗೆ ಕೈಗೂಡಿತು ಎಂಬುದಷ್ಟೇ ಈ ಲೇಖನದ ವಿಷಯ.

ಫ್ರಾಂಕ್ಲಿನ್ನನು 1706ನೆಯ ಇಸವಿ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆ ಜೋಸಾಯ ಇಂಗ್ಲೆಂಡಿನಿಂದ ವಲಸೆ ಬಂದವನು. ಪ್ರಾಣಿಗಳ ಕೊಬ್ಬನ್ನು ಕರಗಿಸಿ ಸಾಬೂನು, ದೀಪದ ಬತ್ತಿ ಮಾಡಿ ಮಾರುವುದು ಅವನ ಕಸುಬು. ಹದಿನೇಳು ಮಕ್ಕಳ ಸಂಸಾರ. ಗಂಡುಮಕ್ಕಳಲ್ಲಿ ಕೊನೆಯವನಾದ ಬೆಂಜಮಿನ್ನನನ್ನು ಪಾದ್ರಿಯನ್ನಾಗಿ ಮಾಡಬೇಕೆಂದು ತಂದೆ ಎಂಟನೆಯ ವಯಸ್ಸಿನಲ್ಲಿ ಲ್ಯಾಟಿನ್ ಶಾಲೆಗೆ ಸೇರಿಸಿದನು. ಹುಡುಗ ತರಗತಿಯಲ್ಲಿ ಮುಂದಿದ್ದನು. ಆದರೂ ಮುಂದಿನ ಖರ್ಚನ್ನು ಲೆಕ್ಕ ಹಾಕಿ ವರ್ಷ ತುಂಬುವ ಮೊದಲೇ ತಂದೆ ಅಲ್ಲಿಂದ ಬಿಡಿಸಿ, ಬರವಣಿಗೆ ಮತ್ತು ಲೆಕ್ಕ ಕಲಿಸುವ ಇನ್ನೊಂದು ಶಾಲೆಗೆ ಹಾಕಿದನು. ಅಲ್ಲಿ ಅಕ್ಷರ ದುಂಡಾಯಿತು, ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ. ಹತ್ತು ತುಂಬುತ್ತಲೇ ಶಾಲೆಯೂ ಮುಗಿಯಿತು. ಅಂಗಡಿಯಲ್ಲಿ ಬತ್ತಿ ಕತ್ತರಿಸುವುದು, ಅಚ್ಚುಗಳಿಗೆ ಕೊಬ್ಬು ಹೊಯ್ಯುವುದು, ಹೇಳಿದಲ್ಲಿಗೆ ಓಡುವುದು ದಿನಚರಿಯಾಯಿತು.

ಕೈಗೆ ಬಂದ ಚಿಲ್ಲರೆ ಕಾಸೆಲ್ಲ ಪುಸ್ತಕಕ್ಕೆ ಹೋಗುತ್ತಿತ್ತು. ಮೊದಲು ಕೊಂಡದ್ದು ಬನ್ಯನ್ನನ ಪುಸ್ತಕಗಳು. ಅವನ್ನು ಓದಿ ಮಾರಿ, ಆ ಹಣದಲ್ಲಿ ಅಗ್ಗದ ಚರಿತ್ರೆಯ ಹೊತ್ತಗೆಗಳನ್ನು ಕೊಂಡನು. ತಂದೆಯ ಬಳಿಯಿದ್ದ ಪುಸ್ತಕಗಳಲ್ಲಿ ಬಹುಪಾಲು ಮತಧರ್ಮದ ವಾದವಿವಾದಗಳು. ಅವುಗಳ ನಡುವೆ ಪ್ಲುಟಾರ್ಕನ ಮಹಾಪುರುಷರ ಚರಿತ್ರೆ ಒಂದಿತ್ತು. ಅದರಲ್ಲಿ ಕಳೆದ ಹೊತ್ತು ವ್ಯರ್ಥವಾಗಲಿಲ್ಲವೆಂದು ಆತನು ಮುದುಕನಾದ ಮೇಲೂ ನೆನೆದಿದ್ದಾನೆ. ಮಗನ ಈ ಹುಚ್ಚನ್ನು ಕಂಡ ತಂದೆ ಆತನನ್ನು ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಅಚ್ಚುಕೂಟಕ್ಕೆ ಒಪ್ಪಿಸಿದನು. ಇಪ್ಪತ್ತೊಂದು ತುಂಬುವವರೆಗೆ ದುಡಿಯಬೇಕೆಂದು ಕರಾರು.

ಅಚ್ಚುಮೊಳೆ ಜೋಡಿಸುವ ಕೆಲಸದಿಂದ ಒಂದು ಅನುಕೂಲವಾಯಿತು. ಪುಸ್ತಕದಂಗಡಿಗಳಲ್ಲಿ ಕೆಲಸಕ್ಕಿದ್ದ ಹುಡುಗರ ಸ್ನೇಹ ಬೆಳೆಯಿತು. ಸಂಜೆ ಅವರಿಂದ ಒಂದು ಪುಸ್ತಕ ತಂದರೆ ಬೆಳಗಾಗುವುದರೊಳಗೆ ಹಿಂತಿರುಗಿಸಬೇಕು; ಇಲ್ಲವಾದರೆ ಅಂಗಡಿಯಲ್ಲಿ ಅದು ಕಾಣೆಯಾದದ್ದು ಗೊತ್ತಾಗುತ್ತದೆ. ಹೀಗೆ ಎಷ್ಟೋ ರಾತ್ರಿಗಳನ್ನು ಹುಡುಗ ಎದ್ದೇ ಕಳೆದನು.

ಸುಮಾರು ಹದಿನಾರರ ವಯಸ್ಸಿನಲ್ಲಿ ಮಾಂಸ ಬಿಡಬೇಕೆಂದು ಬೋಧಿಸುವ ಪುಸ್ತಕವೊಂದು ಆತನ ಕೈಗೆ ಬಿತ್ತು. ಅಣ್ಣ ತನ್ನ ಕೆಲಸದ ಹುಡುಗರ ಊಟಕ್ಕಾಗಿ ಬೇರೊಂದು ಮನೆಗೆ ಹಣ ಕೊಡುತ್ತಿದ್ದನು. ನನ್ನ ಪಾಲಿನ ಹಣದಲ್ಲಿ ಅರ್ಧವನ್ನು ನನಗೇ ಕೊಡು, ನನ್ನ ಊಟ ನಾನೇ ನೋಡಿಕೊಳ್ಳುತ್ತೇನೆ ಎಂದು ತಮ್ಮ ಕೇಳಿದನು. ಅಣ್ಣನಿಗೆ ಅದು ಲಾಭವೇ. ತಮ್ಮನು ಆ ಅರ್ಧದಲ್ಲಿಯೂ ಅರ್ಧವನ್ನು ಉಳಿಸಿ ಪುಸ್ತಕ ಕೊಂಡನು. ಉಳಿದವರು ಉಣ್ಣಲು ಹೊರಗೆ ಹೋದಾಗ ಆತನು ಒಬ್ಬನೇ ಅಚ್ಚುಕೂಟದಲ್ಲಿ ಕುಳಿತು, ಒಂದು ತುಂಡು ರೊಟ್ಟಿ, ಒಂದು ಹಿಡಿ ಒಣದ್ರಾಕ್ಷಿ, ಒಂದು ಲೋಟ ನೀರಿನಲ್ಲಿ ಊಟ ಮುಗಿಸಿ ಓದುತ್ತಿದ್ದನು. ಶಾಲೆಯಲ್ಲಿ ಕೈಕೊಟ್ಟ ಲೆಕ್ಕವನ್ನು ಸ್ವಂತವಾಗಿ ಮೊದಲಿನಿಂದ ಕೊನೆಯವರೆಗೆ ಕಲಿತದ್ದು ಈ ದಿನಗಳಲ್ಲಿಯೇ. (ಆ ಸಸ್ಯಾಹಾರ ಬಹುಕಾಲ ನಡೆಯಲಿಲ್ಲ. ಮುಂದೆ ಸಮುದ್ರಯಾನದಲ್ಲಿ ಮೀನು ಹುರಿಯುವ ಘಮ ಮೂಗಿಗೆ ಬಡಿಯಿತು. ದೊಡ್ಡ ಮೀನಿನ ಹೊಟ್ಟೆಯಲ್ಲಿ ಸಣ್ಣ ಮೀನು ಇದ್ದುದನ್ನು ನೆನೆದು, ಅವೇ ಒಂದನ್ನೊಂದು ತಿನ್ನುವಾಗ ತಾನೇಕೆ ತಿನ್ನಬಾರದೆಂದು ಸಮಾಧಾನ ಮಾಡಿಕೊಂಡನು. ಬೇಕೆಂದದ್ದಕ್ಕೆ ಕಾರಣ ಹುಡುಕುವುದರಲ್ಲಿ ಬುದ್ಧಿವಂತರಿಗೆ ಕಷ್ಟವೆಲ್ಲಿ!)

ಬರೆಯುವುದನ್ನು ಕಲಿಯಲು ಆತನು ಹೂಡಿದ ಉಪಾಯವನ್ನು ನಾವೆಲ್ಲರೂ ಗಮನಿಸಬೇಕು. ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಸಂಪುಟ ಸಿಕ್ಕಿತ್ತು. ಅದರ ಪ್ರಬಂಧವೊಂದನ್ನು ಓದಿ, ಪ್ರತಿ ವಾಕ್ಯದ ಭಾವವನ್ನು ಎರಡು ಮೂರು ಮಾತಿನಲ್ಲಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಮೂಲವನ್ನು ನೋಡದೆ ತನ್ನ ಮಾತಿನಲ್ಲಿ ಪ್ರಬಂಧವನ್ನು ಮತ್ತೆ ಬರೆಯುವನು. ಅನಂತರ ಮೂಲದೊಡನೆ ಹೋಲಿಸಿ ತಪ್ಪು ತಿದ್ದುವನು. ಪದಗಳು ಸಾಲವೆಂದು ತೋರಿದಾಗ ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮರೆತ ಮೇಲೆ ಪುನಃ ಗದ್ಯ ಮಾಡುವನು. ಕೆಲವೊಮ್ಮೆ ಗುರುತುಗಳನ್ನೆಲ್ಲ ಕಲಸಿಟ್ಟು, ವಾರಗಳ ಮೇಲೆ ಕ್ರಮವಾಗಿ ಜೋಡಿಸುವನು. ಇದಕ್ಕೆ ಸಿಗುತ್ತಿದ್ದ ಹೊತ್ತು ಕೆಲಸದ ಮುಂಚಿನ ಬೆಳಗು, ಕೆಲಸದ ಅನಂತರದ ರಾತ್ರಿ, ಮತ್ತು ಚರ್ಚಿಗೆ ಹೋಗದೆ ತಪ್ಪಿಸಿಕೊಂಡ ಭಾನುವಾರ. ಗುರುವಿಲ್ಲದವನು ತನಗೆ ತಾನೇ ಗುರುವೂ ಪರೀಕ್ಷಕನೂ ಆದದ್ದು ಹೀಗೆ.

ಅಣ್ಣನ ಹೊಡೆತ ತಾಳಲಾರದೆ 1723ರಲ್ಲಿ ಓಡಿಹೋಗಿ ಫಿಲಡೆಲ್ಫಿಯಾ ಸೇರಿದನು. ದೊಡ್ಡ ಅಧಿಕಾರಿಯೊಬ್ಬನ ಪೊಳ್ಳು ಭರವಸೆ ನಂಬಿ 1724ರಲ್ಲಿ ಲಂಡನ್ನಿಗೆ ಹೋಗಿ ಕೈಬರಿದಾದಾಗಲೂ, ಪಕ್ಕದ ಹಳೆಯ ಪುಸ್ತಕದ ಅಂಗಡಿಯವನೊಡನೆ ಪುಸ್ತಕ ಓದಿ ಹಿಂತಿರುಗಿಸುವ ಒಪ್ಪಂದ ಮಾಡಿಕೊಂಡನು. 1726ರಲ್ಲಿ ಹಿಂದಿರುಗಿ, ಎರಡು ವರ್ಷದಲ್ಲಿ ಪಾಲುದಾರನೊಡನೆ ಸ್ವಂತ ಅಚ್ಚುಕೂಟ ತೆರೆದನು.

ಈ ನಡುವೆ 1727ರಲ್ಲಿ ‘ಜಂಟೋ’ ಎಂಬ ಗೆಳೆಯರ ಕೂಟವನ್ನು ಕಟ್ಟಿದ್ದನು. ಪ್ರತಿ ಶುಕ್ರವಾರ ಸಂಜೆ ಸಭೆ. ಸರದಿಯಂತೆ ಒಬ್ಬೊಬ್ಬರು ಚರ್ಚೆಗೆ ಪ್ರಶ್ನೆ ತರಬೇಕು. ಮೂರು ತಿಂಗಳಿಗೊಮ್ಮೆ ತಾವೇ ಬರೆದ ಪ್ರಬಂಧ ಓದಬೇಕು. ಸದಸ್ಯರಲ್ಲಿ ಕಿಟಕಿಗೆ ಗಾಜು ಕೂರಿಸುವವನು, ಪಾದರಕ್ಷೆ ಹೊಲಿಯುವವನು, ಮೋಜಣಿದಾರ, ಗುಮಾಸ್ತ ಇದ್ದರು. ಎಲ್ಲರೂ ತಮ್ಮಲ್ಲಿದ್ದ ಪುಸ್ತಕಗಳನ್ನು ಒಂದೇ ಕೋಣೆಯಲ್ಲಿಟ್ಟರು; ನೋಡಿಕೊಳ್ಳುವವರಿಲ್ಲದೆ ವರ್ಷದೊಳಗೆ ಅವರವರು ಹಿಂದಕ್ಕೆ ಒಯ್ದರು. ಆ ಸೋಲಿನಿಂದ ಹುಟ್ಟಿದ್ದು 1731ರ ಚಂದಾ ಪುಸ್ತಕಾಲಯ. ಐವತ್ತು ಮಂದಿ, ಮೊದಲು ತಲಾ 40 ಷಿಲ್ಲಿಂಗ್, ಆಮೇಲೆ ವರ್ಷಕ್ಕೆ 10 ಷಿಲ್ಲಿಂಗ್. ಫಿಲಡೆಲ್ಫಿಯಾದಲ್ಲಿ ಅದು ಇಂದಿಗೂ ಇದೆ. ಪ್ರತಿದಿನ ಒಂದೆರಡು ಗಂಟೆ ಅದರ ಪುಸ್ತಕಗಳಿಗೆಂದು ತೆಗೆದಿಟ್ಟು, ತಪ್ಪಿಹೋದ ವಿದ್ಯಾಭ್ಯಾಸವನ್ನು ಸ್ವಲ್ಪಮಟ್ಟಿಗೆ ತುಂಬಿಕೊಂಡೆನೆಂದು ಫ್ರಾಂಕ್ಲಿನ್ನನು ಬರೆದಿದ್ದಾನೆ. 1733ರಿಂದ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳನ್ನು ಕಲಿತನು. ಜೊತೆಯಲ್ಲಿ ಇಟಾಲಿಯನ್ ಕಲಿಯುತ್ತಿದ್ದ ಗೆಳೆಯನಿಗೆ ಚದುರಂಗದ ಚಟ. ಆಟದಲ್ಲಿ ಸೋತವನು ಮುಂದಿನ ಭೇಟಿಯೊಳಗೆ ಗೆದ್ದವನು ಹೇಳಿದಷ್ಟು ವ್ಯಾಕರಣ ಬಾಯಿಪಾಠ ಮಾಡಬೇಕೆಂದು ಪಣ ಕಟ್ಟಿದರು. ಇಬ್ಬರೂ ಸಮಬಲರು, ಒಬ್ಬರನ್ನೊಬ್ಬರು ಸೋಲಿಸುತ್ತ ಇಬ್ಬರೂ ಭಾಷೆ ಕಲಿತರು.

ಪುಟ್ಟ ಪುಸ್ತಕದ ಪ್ರಸಂಗವೂ ಈ ವರ್ಷಗಳದೇ. ಯಾವ ತಪ್ಪನ್ನೂ ಮಾಡದೆ ಬಾಳಬೇಕೆಂಬ ಆಸೆಯಿಂದ ಆತನು ಮಿತಾಹಾರ, ಮೌನ, ಅಚ್ಚುಕಟ್ಟು, ದೃಢನಿಶ್ಚಯ, ಮಿತವ್ಯಯ, ಉದ್ಯಮಶೀಲತೆ ಮೊದಲಾಗಿ ಹನ್ನೆರಡು ಗುಣಗಳನ್ನು ಪಟ್ಟಿ ಮಾಡಿದನು. ನಿನಗೆ ಗರ್ವ ಹೆಚ್ಚೆಂದು ಸ್ನೇಹಿತನೊಬ್ಬನು ಹೇಳಿದ ಮೇಲೆ ವಿನಯ ಹದಿಮೂರನೆಯದಾಯಿತು. ಪುಟಕ್ಕೆ ಕೆಂಪು ಶಾಯಿಯಲ್ಲಿ ವಾರದ ಏಳು ದಿನಗಳಿಗೆ ಏಳು ಕಂಬ, ಗುಣಗಳಿಗೆ ಹದಿಮೂರು ಅಡ್ಡಗೆರೆ. ತಪ್ಪಿದ ದಿನ ಆ ಮನೆಯಲ್ಲಿ ಕಪ್ಪು ಚುಕ್ಕೆ. ಒಂದು ವಾರಕ್ಕೆ ಒಂದೇ ಗುಣದ ಮೇಲೆ ವಿಶೇಷ ಕಾವಲು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಅದೇ ಪುಸ್ತಕದಲ್ಲಿ ದಿನದ ವೇಳಾಪಟ್ಟಿಯೂ ಇತ್ತು: ಐದಕ್ಕೆ ಏಳುವುದು, ಪ್ರಾರ್ಥನೆ, ಆ ದಿನದ ಸಂಕಲ್ಪ, ವ್ಯಾಸಂಗ, ಎಂಟರಿಂದ ಹನ್ನೆರಡು ಕೆಲಸ, ಎರಡರವರೆಗೆ ಓದು, ಲೆಕ್ಕಪತ್ರ, ಊಟ, ಆರರವರೆಗೆ ಮತ್ತೆ ಕೆಲಸ, ಆಮೇಲೆ ಸಾಮಾನುಗಳನ್ನು ಸ್ವಸ್ಥಾನದಲ್ಲಿರಿಸಿ, ಊಟ, ಸಂಗೀತ, ಮಾತುಕತೆ, ಹತ್ತಕ್ಕೆ ನಿದ್ರೆ. ಬೆಳಿಗ್ಗೆ ಇಂದು ಏನು ಒಳ್ಳೆಯದು ಮಾಡಲಿ ಎಂದೂ ರಾತ್ರಿ ಏನು ಮಾಡಿದೆ ಎಂದೂ ಕೇಳಿಕೊಳ್ಳಬೇಕು.

ಇಷ್ಟು ಹೊತ್ತು ಆತನಿಗೆ ಸಿಕ್ಕಿದ್ದು ಒಬ್ಬನ ದುಡಿಮೆಯಿಂದಲ್ಲ. ಹೆಂಡತಿ ಡೆಬೊರಾ ಅಂಗಡಿ ನೋಡಿಕೊಂಡಳು, ಅಚ್ಚಾದ ಹಾಳೆ ಮಡಿಚಿ ಹೊಲಿದಳು, ಕಾಗದಕ್ಕೆ ಬೇಕಾದ ಚಿಂದಿಬಟ್ಟೆ ಕೊಂಡಳು. ಆ ದಿನಚರಿಯ ಹಾಳೆಯಲ್ಲಿ ಆಕೆಯ ಹೊತ್ತಿಗೆ ಗೆರೆಯಿಲ್ಲ. ಹದಿಮೂರರಲ್ಲಿ ನ್ಯಾಯವೂ ಒಂದು. ಆದರೂ ಆತನ ಮನೆಯಲ್ಲಿ ಗುಲಾಮರಿದ್ದರು, ಆತನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾದವು. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದಾಗ, 1790ರಲ್ಲಿ ಆ ಪದ್ಧತಿಯ ವಿರುದ್ಧ ಕಾಂಗ್ರೆಸ್ಸಿಗೆ ಮನವಿಗೆ ಸಹಿ ಹಾಕಿದಾಗ, ಆತನಿಗೆ ಎಂಬತ್ತು ದಾಟಿತ್ತು. ಈ ಚುಕ್ಕೆಯನ್ನು ಆತನು ಬಹಳ ತಡವಾಗಿ ಕಂಡನೆಂದೇ ಹೇಳಬೇಕು.

ತಾನೇ ಒಪ್ಪಿಕೊಂಡಂತೆ ಆತನನ್ನು ಹೆಚ್ಚಾಗಿ ಕಾಡಿದ್ದು ಅಚ್ಚುಕಟ್ಟು. ಕಾಗದಪತ್ರ ಎಲ್ಲೆಂದರಲ್ಲಿ, ಬರುವ ಗಿರಾಕಿಗಳಿಂದ ವೇಳಾಪಟ್ಟಿ ಅಡಿಮೇಲು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಹಾಳೆ ತೂತಾಗಲು, ದಂತದ ಹಾಳೆಗಳ ಮೇಲೆ ಗೆರೆ ಹಾಕಿ, ಚುಕ್ಕೆಗಳನ್ನು ಸೀಸದ ಕಡ್ಡಿಯಿಂದ ಇಟ್ಟು ಒದ್ದೆ ಸ್ಪಂಜಿನಿಂದ ಒರಸತೊಡಗಿದನು. ಇಲ್ಲಿ ಆತನು ಒಂದು ಕಥೆ ಹೇಳುತ್ತಾನೆ. ಒಬ್ಬನು ಕಮ್ಮಾರನಲ್ಲಿ ಕೊಡಲಿ ಕೊಂಡು, ಬಾಯಿಯಷ್ಟೇ ಅಲ್ಲದೆ ಇಡೀ ಕೊಡಲಿ ಹೊಳೆಯಬೇಕೆಂದನು. ಸಾಣೆಚಕ್ರ ನೀನು ತಿರುಗಿಸುವುದಾದರೆ ಆಗಲಿ ಎಂದನು ಕಮ್ಮಾರ. ತಿರುಗಿಸಿ ತೋಳು ಸೋತ ಮೇಲೆ, ಇನ್ನೂ ಕಪ್ಪು ಚುಕ್ಕೆಗಳಿವೆಯಲ್ಲ ಎಂದು ಕಮ್ಮಾರನು ಎಚ್ಚರಿಸಿದರೂ, ಚುಕ್ಕೆಯಿರುವ ಕೊಡಲಿಯೇ ತನಗಿಷ್ಟವೆಂದು ಅವನು ಹೊರಟುಹೋದನಂತೆ. ಫ್ರಾಂಕ್ಲಿನ್ನನ ಸುತ್ತುಗಳೂ ವರ್ಷಕ್ಕೊಂದಾಗಿ, ಹಲವು ವರ್ಷಕ್ಕೊಂದಾಗಿ, ಕೊನೆಗೆ ನಿಂತವು. ಪುಟ್ಟ ಪುಸ್ತಕ ಮಾತ್ರ ಪರದೇಶಗಳಲ್ಲಿಯೂ ಜೊತೆಗಿತ್ತು.

ಆತನು 1790ರ ಏಪ್ರಿಲ್ 17ರಂದು ತೀರಿಕೊಂಡನು. ಅದಕ್ಕೆ ಐದು ವರ್ಷ ಮೊದಲು, ಮ್ಯಾಸಚೂಸೆಟ್ಸಿನಲ್ಲಿ ಆತನ ಹೆಸರನ್ನಿಟ್ಟುಕೊಂಡಿದ್ದ ಊರೊಂದರವರು ತಮ್ಮ ಚರ್ಚಿಗೆ ಗಂಟೆ ಕೊಡಿಸುವಂತೆ ಬಯಸಿದ್ದರು. ಗಂಟೆಗೆ ಬದಲಾಗಿ ಆತನು ಪುಸ್ತಕಗಳನ್ನು ಕಳುಹಿಸಿದನು. ಅವನ್ನು ಓದುವ ಹಕ್ಕು ಯಾರಿಗೆ ಎಂಬ ಚರ್ಚೆ ಊರಿನಲ್ಲಿ ಎದ್ದಿತು. ಆತನು ತೀರಿಕೊಂಡ ವರ್ಷವೇ ಊರ ಸಭೆ ಸೇರಿ, ಊರಿನಲ್ಲಿ ವಾಸಿಸುವ ಯಾರಿಗೇ ಆಗಲಿ ಅವನ್ನು ಹಣವಿಲ್ಲದೆ ಎರವಲು ಕೊಡಬೇಕೆಂದು ತೀರ್ಮಾನಿಸಿತು.