ಎಫ್.ಎ. ಫೇಲಾದ ಗುಮಾಸ್ತ

1912ರ ಫೆಬ್ರುವರಿಯಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ಗೆ ಗುಮಾಸ್ತನ ಕೆಲಸ ಕೇಳಿ ಒಂದು ಅರ್ಜಿ ಬಂತು. ಅರ್ಜಿದಾರನಿಗೆ 24 ವರ್ಷ. ಮದುವೆಯಾಗಿತ್ತು, ಪದವಿ ಇರಲಿಲ್ಲ. ಹೆಸರು ಶ್ರೀನಿವಾಸ ರಾಮಾನುಜನ್.

ಗಣಿತದ ದಿಗ್ಗಜ ರಾಮಾನುಜನ್ ನಮಗೆಲ್ಲ ಗೊತ್ತು. ಕೆಲಸಕ್ಕಾಗಿ ಅಲೆದ ರಾಮಾನುಜನ್ ಅಷ್ಟಾಗಿ ಗೊತ್ತಿಲ್ಲ. ಉದ್ಯೋಗ ಹುಡುಕುತ್ತಿರುವವರು ತಿಳಿಯಬೇಕಾದದ್ದು ಆ ರಾಮಾನುಜನ್ ಬಗ್ಗೆ.

ರಾಮಾನುಜನ್ 1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣಂನಲ್ಲಿ ಬೆಳೆದರು. ತಂದೆ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಶಾಲೆಯಲ್ಲಿ ಜಾಣನೆನಿಸಿಕೊಂಡ ಹುಡುಗನಿಗೆ 1904ರಲ್ಲಿ ಕಾಲೇಜು ಸೇರಿದಾಗ ವಿದ್ಯಾರ್ಥಿವೇತನವೂ ಸಿಕ್ಕಿತು. ಆದರೆ ಗಣಿತದ ಮೇಲಿನ ಪ್ರೀತಿಯೇ ಮುಳುವಾಯಿತು. ಉಳಿದ ವಿಷಯಗಳನ್ನು ಕಡೆಗಣಿಸಿದ್ದರಿಂದ ವಿದ್ಯಾರ್ಥಿವೇತನ ಕೈತಪ್ಪಿತು. ಮದ್ರಾಸಿನ ಪಚ್ಚೈಯಪ್ಪ ಕಾಲೇಜು ಸೇರಿದರೂ, ಇಂದಿನ ಪಿಯುಸಿಯಂತಿದ್ದ ಎಫ್.ಎ. ಪರೀಕ್ಷೆಯಲ್ಲಿ ಮತ್ತೆ ಡುಮ್ಕಿ ಹೊಡೆದರು.

ಮುಂದಿನ ವರ್ಷಗಳು ಕಷ್ಟದವು. ಕಾಗದಕ್ಕೆ ದುಡ್ಡಿಲ್ಲದೆ ಸ್ಲೇಟಿನಲ್ಲಿ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅಂಕಪಟ್ಟಿ ಕೈಕೊಟ್ಟಾಗ ಆ ನೋಟ್‌ಬುಕ್ಕುಗಳೇ ಅವರ ಅರ್ಹತಾ ಪತ್ರವಾದವು. 1910ರಲ್ಲಿ ಅವುಗಳನ್ನು ಹಿಡಿದು ಭಾರತೀಯ ಗಣಿತ ಸಂಘ ಸ್ಥಾಪಿಸಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು, ಬಳಿಕ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರನ್ನು ಕಂಡರು. ರಾವ್ ತಿಂಗಳಿಗೆ 25 ರೂಪಾಯಿ ಕೊಡತೊಡಗಿದರು. ಆದರೆ ಬಹುಕಾಲ ಇನ್ನೊಬ್ಬರಿಗೆ ಹೊರೆಯಾಗಿರಲು ರಾಮಾನುಜನ್ ಒಪ್ಪಲಿಲ್ಲ. ಹಾಗಾಗಿಯೇ ಪೋರ್ಟ್ ಟ್ರಸ್ಟ್‌ನ ಆ ಅರ್ಜಿ. ಸಂಬಳ 30 ರೂಪಾಯಿ.

ಆ ಸಣ್ಣ ಕೆಲಸವೇ ಅವರನ್ನು ಮೇಲೆತ್ತಿತು. ಕಚೇರಿಯ ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು, ಬೆನ್ನಿಗೆ ನಿಂತರು. ರಾಮಾನುಜನ್ ಕೇಂಬ್ರಿಜ್‌ನ ಗಣಿತಜ್ಞರಿಗೆ ಪತ್ರ ಬರೆದರು. ಮೊದಲಿನ ಇಬ್ಬರಿಂದ ನೆರವು ಸಿಗಲಿಲ್ಲ. 1913ರ ಜನವರಿಯಲ್ಲಿ ಮೂರನೆಯವರಾದ ಜಿ.ಎಚ್. ಹಾರ್ಡಿ ಅವರಿಗೆ ಬರೆದರು. ಹಾರ್ಡಿ ಆ ಸೂತ್ರಗಳ ಬೆಲೆ ಅರಿತು ಆಹ್ವಾನಿಸಿದರು. 1914ರ ಮಾರ್ಚ್‌ನಲ್ಲಿ ರಾಮಾನುಜನ್ ಹಡಗು ಹತ್ತಿದರು.

ಅಲ್ಲಿ ಕಾದಿದ್ದು ಬೇರೆಯೇ ಸವಾಲು. ಉತ್ತರ ಹೊಳೆಯುವುದಷ್ಟೇ ಸಾಲದು, ಅದನ್ನು ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ತೋರಿಸಬೇಕಿತ್ತು. ಊರಲ್ಲಿ ಯಾರೂ ಅದನ್ನು ಕಲಿಸಿರಲಿಲ್ಲ. ತನಗೆಲ್ಲ ಗೊತ್ತು ಎನ್ನದೆ ಅವರು ಮತ್ತೆ ವಿದ್ಯಾರ್ಥಿಯಾದರು. ಎಫ್.ಎ. ದಾಟಲಾಗದವರಿಗೆ 1916ರಲ್ಲಿ ಸಂಶೋಧನೆಗಾಗಿ ಕೇಂಬ್ರಿಜ್ ಪದವಿ ದೊರೆಯಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು.

ಆದರೆ ಅಲ್ಲಿನ ಚಳಿ, ಯುದ್ಧಕಾಲದಲ್ಲಿ ಸಸ್ಯಾಹಾರಿಗೆ ಊಟದ ಪಾಡು, ಕಾಯಿಲೆ ಎಲ್ಲವೂ ಸೇರಿ ಜೀವ ಹಿಂಡಿದವು. 1919ರಲ್ಲಿ ಮರಳಿ ಬಂದ ಅವರು 1920ರ ಏಪ್ರಿಲ್ 26ರಂದು, 32ನೇ ವಯಸ್ಸಿಗೇ ತೀರಿಕೊಂಡರು. ಹಾಸಿಗೆ ಹಿಡಿದಾಗಲೂ ಗಣಿತ ಬಿಡಲಿಲ್ಲ.

ಓದದಿದ್ದರೂ ನಡೆಯುತ್ತದೆ ಎಂದು ಈ ಬದುಕು ಹೇಳುವುದಿಲ್ಲ. ಕಡೆಗಣಿಸಿದ ವಿಷಯಗಳಿಗೆ ರಾಮಾನುಜನ್ ಹಲವು ವರ್ಷಗಳ ಬೆಲೆ ತೆತ್ತರು. ಆದರೆ ಫೇಲಾದ ದಿನವೂ ಅವರು ನೋಟ್‌ಬುಕ್ ಮುಚ್ಚಲಿಲ್ಲ, ಸಣ್ಣ ಕೆಲಸಕ್ಕೆ ನಾಚಲಿಲ್ಲ, ಎರಡು ಬಾಗಿಲು ತೆರೆಯದಿದ್ದಾಗ ಮೂರನೆಯದನ್ನು ತಟ್ಟಿದರು. ನಾಳೆ ಇನ್ನೊಂದು ಅರ್ಜಿ ಹಾಕುವ ಮುನ್ನ ನಾವೂ ಕೇಳಿಕೊಳ್ಳೋಣ: ಅಂಕಪಟ್ಟಿಯ ಜೊತೆಗೆ ತೋರಿಸಲು ನಮ್ಮ ಬಳಿಯೂ ಒಂದು ನೋಟ್‌ಬುಕ್ ಇದೆಯೇ?