ಅಚ್ಚಿನ ಪುಸ್ತಕಕ್ಕೆ ದನಿ ಕೊಟ್ಟ ಪಂಜೆ ಮಂಗೇಶರಾಯರು

ಮಕ್ಕಳೇ, ನಮ್ಮ ಶಾಲೆಗಳಿಗೆ ಈಗ ಹೊಸ ಹೊಸ ಸಾಧನಗಳು ಬರುತ್ತಿವೆ. ಕೆಲವು ಶಾಲೆಗಳಲ್ಲಿ ಕಂಪ್ಯೂಟರ್ ಇದೆ. ಕೆಲವೆಡೆ ಗೋಡೆಯ ಮೇಲೆ ಚಿತ್ರ ಮೂಡಿಸುವ ಪ್ರೊಜೆಕ್ಟರ್ ಇದೆ. ನಿಮ್ಮ ಚೀಲದಲ್ಲಿರುವ ಪಠ್ಯಪುಸ್ತಕವೂ ಒಂದು ಕಾಲದಲ್ಲಿ ಇಂಥದೇ ಹೊಸ ತಂತ್ರಜ್ಞಾನವಾಗಿತ್ತು ಎಂದರೆ ನಂಬುತ್ತೀರಾ? ಆ ಸಾಧನವನ್ನು ಮಕ್ಕಳಿಗೆ ಹತ್ತಿರ ಮಾಡಿದ ಶಿಕ್ಷಕರೊಬ್ಬರು ನಮ್ಮ ಬಂಟ್ವಾಳದಲ್ಲೇ ಹುಟ್ಟಿದವರು. ಅವರೇ ಪಂಜೆ ಮಂಗೇಶರಾಯರು.

ಮಂಗೇಶರಾಯರು ಜನಿಸಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ದಡದ ಬಂಟ್ವಾಳದಲ್ಲಿ. ಅವರ ಹಿರಿಯರು ಸುಬ್ರಹ್ಮಣ್ಯದ ಸಮೀಪದ ಪಂಜದವರು. ಆ ಊರಿನ ಹೆಸರೇ ಮನೆತನದ ಹೆಸರಾಯಿತು. ಮನೆಯಲ್ಲಿ ಆಡುವ ಮಾತು ಕೊಂಕಣಿ, ಬೀದಿಯಲ್ಲಿ ಕೇಳುವ ಮಾತು ತುಳು, ಶಾಲೆಯಲ್ಲಿ ಕಲಿಯುವ ಮಾತು ಕನ್ನಡ. ನಿಮ್ಮಲ್ಲಿ ಹಲವರ ಮನೆಯಲ್ಲೂ ಹೀಗೆಯೇ ಅಲ್ಲವೇ? ಮನೆಮಾತಲ್ಲದ ಭಾಷೆಯಲ್ಲಿ ಪಾಠ ಕಲಿಯುವ ಕಷ್ಟ ಎಂಥದು ಎಂಬುದನ್ನು ಈ ಬಾಲಕ ತಾನೇ ಅನುಭವಿಸಿ ಬೆಳೆದ.

ಆ ಕಾಲದ ಪುಸ್ತಕಗಳ ಬಗ್ಗೆ ಸ್ವಲ್ಪ ತಿಳಿಯೋಣ. ಮೂಡುಬಿದಿರೆಯಲ್ಲಿ ಧವಲಾ ಮೊದಲಾದ ಹಳೆಯ ತಾಳೆಗರಿ ಗ್ರಂಥಗಳನ್ನು ಕಾಪಾಡಿಕೊಂಡು ಬರಲಾಗಿದೆ. ಅಂಥ ಗ್ರಂಥದ ಇನ್ನೊಂದು ಪ್ರತಿ ಬೇಕೆಂದರೆ ಒಬ್ಬರು ಕುಳಿತು ಮೊದಲಿನಿಂದ ಕೊನೆಯವರೆಗೆ ಕೈಯಲ್ಲೇ ಬರೆಯಬೇಕಿತ್ತು. 1841ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಕಲ್ಲಚ್ಚು ಎಂದರೇನು? ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಜಿಡ್ಡೂ ನೀರೂ ಬೆರೆಯುವುದಿಲ್ಲ. ಹಾಗಾಗಿ ಮೇಲೆ ಮುದ್ರಣದ ಶಾಯಿ ಹಚ್ಚಿದಾಗ ಅದು ಅಕ್ಷರಗಳಿಗೆ ಮಾತ್ರ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ! ಒಂದೇ ಕಲ್ಲಿನಿಂದ ನೂರಾರು ಪ್ರತಿಗಳು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ಮುಂದೆ ಲೋಹದ ಅಚ್ಚುಮೊಳೆಗಳು ಬಂದವು. ಪುಸ್ತಕ ಅಗ್ಗವಾಯಿತು, ಹಳ್ಳಿ ಶಾಲೆಗೂ ತಲುಪಿತು.

ಆದರೆ ಪುಸ್ತಕ ಬಂದ ಮಾತ್ರಕ್ಕೆ ಕಲಿಕೆ ಬರುತ್ತದೆಯೇ? ತರಗತಿಗಳಲ್ಲಿ ಬಾಯಿಪಾಠವೇ ಮುಖ್ಯವಾಗಿತ್ತು. ತಪ್ಪಿದರೆ ಬೆತ್ತ. ಸಣ್ಣ ಮಕ್ಕಳಿಗೆಂದೇ ಬರೆದ ಕನ್ನಡ ಪುಸ್ತಕಗಳು ಬಹಳ ಕಡಿಮೆ. ಈ ಕೊರತೆಯನ್ನು ತುಂಬಲು ಪಂಜೆಯವರು ಜೀವಮಾನವಿಡೀ ದುಡಿದರು.

ಅವರು ಮೊದಲು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು. ಬಳಿಕ ಶಾಲೆಗಳ ತನಿಖಾಧಿಕಾರಿಯಾದರು. ಆಗ ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಮಕ್ಕಳಿಗೆ ಮಾತ್ರವಲ್ಲ, ಮಾಸ್ತರರಿಗೂ ನಡುಕ. ಪಂಜೆಯವರು ಬಂದರೆ ಮಾತ್ರ ತರಗತಿಯಲ್ಲಿ ನಗು. ಅವರು ಕಥೆ ಹೇಳುತ್ತಿದ್ದರು, ಅಭಿನಯ ಮಾಡಿ ಹಾಡುತ್ತಿದ್ದರು, ಮಕ್ಕಳಿಂದಲೂ ಹಾಡಿಸುತ್ತಿದ್ದರು. ಪಾಠ ಮಾಡುವುದು ಹೇಗೆಂದು ಶಿಕ್ಷಕರು ಅದನ್ನು ನೋಡಿಯೇ ಕಲಿಯುತ್ತಿದ್ದರು.

ಹಾಗೆಂದು ಅವರು ಯಂತ್ರವನ್ನು ದೂರ ಇಡಲಿಲ್ಲ. ಬಾಸೆಲ್ ಮಿಶನ್‌ಗಾಗಿ ಶಾಲಾ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಮಕ್ಕಳ ಪುಸ್ತಕಗಳನ್ನು ಹೊರತಂದರು. ಒಬ್ಬ ಶಿಕ್ಷಕನ ದನಿ ಒಂದು ತರಗತಿಗೆ ಮಾತ್ರ ಕೇಳುತ್ತದೆ. ಅದೇ ಹಾಡು ಅಚ್ಚಾದರೆ ನೂರಾರು ಶಾಲೆಗಳಿಗೆ ಹೋಗುತ್ತದೆ. ಆದರೆ ಅಲ್ಲಿ ಅದನ್ನು ಹಾಡಲು ಒಬ್ಬ ಶಿಕ್ಷಕ ಬೇಕು, ಕುಣಿಯಲು ಮಕ್ಕಳು ಬೇಕು. ಯಂತ್ರವೂ ಬೇಕು, ಮನುಷ್ಯನೂ ಬೇಕು. ಪಂಜೆಯವರ ಕೆಲಸ ನಮಗೆ ಕಲಿಸುವುದು ಇದನ್ನೇ.

ಅವರ ಹಾಡುಗಳಲ್ಲಿ ವಿಜ್ಞಾನಕ್ಕೆ ಬೇಕಾದ ಗುಣವೊಂದಿದೆ. ಅದೇ ವೀಕ್ಷಣೆ. ತೆಂಕಣ ಗಾಳಿಯಾಟ ಎಂಬ ಪದ್ಯವನ್ನೇ ನೋಡಿ. ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದರ ಸದ್ದನ್ನೂ ಅದು ಮಾಡುವ ಆಟವನ್ನೂ ಹೇಳಿ ಪಂಜೆಯವರು ಗಾಳಿಯನ್ನೇ ಕಾಣಿಸುತ್ತಾರೆ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಹಡಗಿನ ಹಾಯಿಗಳ ಮೇಲೆ ಆಗುವ ಪರಿಣಾಮವನ್ನು ನೋಡಿ ಅವರು ಗಾಳಿಯ ಬಲಕ್ಕೆ ಅಂಕಗಳನ್ನು ಕೊಟ್ಟರು. ನೆಲದ ಮೇಲಿನ ಗುರುತುಗಳನ್ನು ಮುಂದೆ ಸೇರಿಸಲಾಯಿತು.

ಪಂಜೆಯವರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿಯೂ ಇದ್ದರು. ಕೊಡಗಿನ ಬಗ್ಗೆ ಅವರು ಬರೆದ ಹುತ್ತರಿ ಹಾಡು ಇಂದಿಗೂ ಜನಪ್ರಿಯ. ಹೆಸರಿನ ಆಸೆ ಅವರಿಗಿರಲಿಲ್ಲ. ಕವಿಶಿಷ್ಯ ಎಂಬ ಗುಪ್ತನಾಮದಲ್ಲಿ ಬರೆದರು. ಕವಿ ಎನ್ನದೆ ಕವಿಯ ಶಿಷ್ಯ ಎಂದುಕೊಂಡ ವಿನಯವನ್ನು ಗಮನಿಸಿ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ನಿಧನರಾದರು.

ಜೋರು ಮಳೆಗೆ ಕರೆಂಟು ಹೋದರೆ ಪ್ರೊಜೆಕ್ಟರ್ ನಿಲ್ಲುತ್ತದೆ. ನೀವು ಕಂಡು, ಕೇಳಿ, ಹಾಡಿ ಕಲಿತ ಪಾಠ ನಿಲ್ಲುವುದಿಲ್ಲ. ಕರೆಂಟು ಬಂದಾಗ ಮತ್ತೆ ಪರದೆ ನೋಡಿ, ಸಂತೋಷದಿಂದ ನೋಡಿ. ಆದರೆ ಅಲ್ಲಿ ಕಂಡದ್ದನ್ನು ಹೊರಗೆ ಬಂದು ನಿಮ್ಮ ಕಣ್ಣಿನಿಂದಲೂ ಪರೀಕ್ಷಿಸಿ.

ಮಾಡಿ ನೋಡಿ: ಒಂದು ವಾರ, ದಿನಕ್ಕೆ ಮೂರು ಬಾರಿ ಗಾಳಿಯನ್ನು ಗಮನಿಸಿ. ಹೊಗೆ ನೇರ ಮೇಲೇರಿದರೆ ಅಂಕ 0. ಎಲೆಗಳು ಸರಸರ ಎಂದರೆ 2. ಧೂಳು, ಕಾಗದದ ಚೂರು ಹಾರಿದರೆ 4. ಕೊಡೆ ಹಿಡಿಯಲು ಕಷ್ಟವಾದರೆ 6. ಇಡೀ ಮರವೇ ಅಲುಗಾಡಿದರೆ 7. ಅಷ್ಟು ಜೋರು ಗಾಳಿ ಇದ್ದಾಗ ಮರದ ಕೆಳಗೆ ನಿಲ್ಲಬೇಡಿ, ಜಗಲಿಯಿಂದಲೇ ನೋಡಿ. ಅಂಕಗಳನ್ನು ಕೋಷ್ಟಕದಲ್ಲಿ ಬರೆದು ತರಗತಿಯಲ್ಲಿ ತೋರಿಸಿ.